ಶೇಂಗಾ ಬೀಜ, ಬಿಸಿಲು, ಬೇರುಗಂಟು

ಶೇಂಗಾ ಬೀಜಕ್ಕೆ ಹಚ್ಚುವ ರೈಜೋಬಿಯಂ ಬಿಸಿಲು ತಾಳದ ಬ್ಯಾಕ್ಟೀರಿಯಾ. ಬೇರುಗಂಟಿನಲ್ಲಿ ನೆಲೆಸಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಸೇರಿಸುವುದು ಇದೇ. ನಾರಾಯಣಪೇಟೆ, ಮಕ್ತಲ್‌ನ ಮಸಾರಿ ಹೊಲಗಳಲ್ಲಿ, ಕೃಷ್ಣಾ–ತುಂಗಭದ್ರೆಯರ ನಡುವಿನ ಗದ್ವಾಲ ಸೀಮೆಯಲ್ಲಿ ಹಿಂಗಾರಿ ಶೇಂಗಾ ಬಿತ್ತನೆಯಾಗುವುದು ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ. ಮಳೆ ಹೊಳವಾದ ಮೇಲಿನ ಬಿಸಿಲು ಆಗ ಬಲು ಚುರುಕು. ಬೆಲ್ಲದ ನೀರಿನಲ್ಲಿ ಕಲಸಿದ ರೈಜೋಬಿಯಂ ಪುಡಿ ಬೀಜದ ಸಿಪ್ಪೆಯ ಮೇಲೆ ತೆಳ್ಳಗೆ ಅಂಟಿರುವಾಗ ಬ್ಯಾಕ್ಟೀರಿಯಾಕ್ಕೆ ಮರೆಯೇ ಇರುವುದಿಲ್ಲ.

ಬಿಸಿಲಿನ ನೇರಳಾತೀತ ಕಿರಣ ಡಿಎನ್‌ಎ ಎಳೆಯಲ್ಲಿ ಅಕ್ಕಪಕ್ಕದ ಥೈಮಿನ್‌ಗಳನ್ನು ಬೆಸೆದುಬಿಡುತ್ತದೆ. ಸಿಕ್ಕುಬಿದ್ದ ಎಳೆಯ ನಕಲು ತೆಗೆಯಲಾಗದೆ ಜೀವಕೋಶದ ಬೆಳವಣಿಗೆ ನಿಲ್ಲುತ್ತದೆ. ಆಗ ರೆಕ್‌ಎ ಎಂಬ ಪ್ರೋಟೀನು ಅಪಾಯ ಗುರುತಿಸಿ ದುರಸ್ತಿಯ ಜೀನ್‌ಗಳನ್ನು ಎಬ್ಬಿಸುತ್ತದೆ. ಕೆಟ್ಟ ತುಂಡನ್ನು ಕತ್ತರಿಸಿ ಹೊಸ ತುಂಡು ಹೆಣೆಯುವ ಕೆಲಸ ಶುರುವಾಗುತ್ತದೆ. ಕಿರಣದ ಜೊತೆ ಕಾವೂ ಒಣಹವೆಯೂ ಸೇರಿದರೆ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ನೆರಳಲ್ಲಿ ಆರಿಸಿ ಅಂದೇ ಬಿತ್ತಬೇಕೆನ್ನುವುದು ಇದಕ್ಕೇ. ಕಿರಣಕ್ಕೆ ಜಗ್ಗದ ಬ್ಯಾಕ್ಟೀರಿಯಾವೂ ಉಂಟು. 1956ರಲ್ಲಿ ಅಮೆರಿಕದ ಒರೆಗಾನ್‌ನಲ್ಲಿ, ಗಾಮಾ ಕಿರಣ ಹಾಯಿಸಿದ ಡಬ್ಬಿ ಮಾಂಸದಲ್ಲಿ ಬದುಕುಳಿದು ಸಿಕ್ಕಿದ ಡೈನೊಕಾಕಸ್ 5,000 ಗ್ರೇ ಪ್ರಮಾಣದ ವಿಕಿರಣ ತಾಳಬಲ್ಲದು. ಮನುಷ್ಯನಿಗೆ 5 ಗ್ರೇ ಪ್ರಾಣಾಂತಿಕ. ರೈಜೋಬಿಯಂ ಆ ಗಟ್ಟಿ ಕುಲದ್ದಲ್ಲ.

ಬದುಕಿ ಮಣ್ಣು ಸೇರಿದವು ಮುಂದೆ ಗಿಡದ ರೋಗನಿರೋಧಕ ಶಕ್ತಿಯನ್ನು ಎದುರಿಸಬೇಕು. ಬೇರಿನ ಬಳಿ ಬಂದ ಬ್ಯಾಕ್ಟೀರಿಯಾವನ್ನು ಗಿಡ ಮೊದಲು ಶಂಕಿಸುತ್ತದೆ. ರೈಜೋಬಿಯಂ ತನ್ನ ರಾಸಾಯನಿಕ ಸಂಕೇತಗಳಿಂದಲೂ ಹೊರಮೈಯ ಸಕ್ಕರೆ ಸರಪಳಿಗಳಿಂದಲೂ ಆ ಪ್ರತಿರೋಧವನ್ನು ತಗ್ಗಿಸಿ ಒಳಸೇರುತ್ತದೆ. ಶೇಂಗಾದಲ್ಲಿ ಅದರ ದಾರಿಯೂ ಬೇರೆ. ಸೋಯಾಬೀನಿನಲ್ಲಿ ಬೇರುರೋಮದ ಮೂಲಕ ಹೋಗುವ ಬ್ಯಾಕ್ಟೀರಿಯಾ ಇಲ್ಲಿ ಕವಲುಬೇರು ಒಡೆದು ಬರುವ ಬಿರುಕಿನಿಂದ ನುಸುಳುತ್ತದೆ. ಗಂಟುಗಳೆಲ್ಲ ಕವಲಿನ ಸಂದಿಯಲ್ಲೇ ಸಾಲುಗಟ್ಟುವುದು ಅದರಿಂದ. ಬೇರು ನೋಡಬಲ್ಲವರಿಗೆ ಇದಕ್ಕಿಂತ ಸೊಗಸಿನ ನೋಟವಿಲ್ಲ. ಬೇರಿನ ಬಳಿಯ ಇನ್ನೊಂದು ಬ್ಯಾಕ್ಟೀರಿಯಾ, ಸೂಡೊಮೊನಾಸ್ ಫ್ಲೋರೆಸೆನ್ಸ್‌ನ ರೀತಿ ಪ್ರತಿರೋಧ ತಗ್ಗಿಸುವ ರೈಜೋಬಿಯಂಗೆ ತಿರುಗುಮುರುಗು. ಅದು ಬೇರಿನ ಸುತ್ತ ನೆಲೆಸಿ ಇಡೀ ಗಿಡದ ರಕ್ಷಣೆಯನ್ನು ಎಚ್ಚರಿಸಿಡುತ್ತದೆ.

ಹಿಂದೆ ಶೇಂಗಾ ಬೆಳೆದ ಹೊಲದಲ್ಲಿ ನಾಟಿ ರೈಜೋಬಿಯಂ ಇದ್ದೇ ಇರುತ್ತದೆ. ಹೊಸ ಹೊಲಕ್ಕೆ ಬೀಜೋಪಚಾರ ಬಿಡುವಂತಿಲ್ಲ. ಶಿಲೀಂಧ್ರನಾಶಕ ಹಚ್ಚುವುದಿದ್ದರೆ ಅದು ಮೊದಲು, ಆರಿದ ಮೇಲೆ ಕೊನೆಗೆ ರೈಜೋಬಿಯಂ. ಬಿತ್ತಿದ 30–40 ದಿನಕ್ಕೆ ಗಿಡವೊಂದನ್ನು ಹೆಂಟೆಸಮೇತ ಅಗೆದು, ಬೇರು ತೊಳೆದು, ಗಂಟನ್ನು ಉಗುರಿನಿಂದ ಸೀಳಬೇಕು. ಸರಕ್ಕನೆ ಕಿತ್ತರೆ ಗಂಟು ಮಣ್ಣಲ್ಲೇ ಉದುರಿ ಬೇರು ಬೋಳಾಗಿ ಕಾಣುತ್ತದೆ. ಒಳಗೆ ನಸುಗೆಂಪಿದ್ದರೆ ಲೆಗ್‌ಹಿಮೊಗ್ಲೋಬಿನ್ ಎಂಬ ಕೆಂಪು ಪ್ರೋಟೀನು ತುಂಬಿದೆ, ಗಾಳಿಯ ಸಾರಜನಕ ಗಿಡಕ್ಕೆ ಸೇರುತ್ತಿದೆ. ಹಸಿರೋ ಬೂದುಬಣ್ಣವೋ ಆಗಿದ್ದರೆ ಗಂಟು ದುಡಿಯುತ್ತಿಲ್ಲ.