ಕೊನೆಯ ದಿನದಾಚೆಗಿನ ಬೆಳಗು

ಕನ್ನಡ ಸಾಹಿತ್ಯದಲ್ಲಿ ಪ್ರಭು ಯೇಸುವಿನ ಚಿತ್ರಣವನ್ನು ಕುರಿತು ಮಾತು ಬಂದಾಗ ಮೊದಲು ನೆನಪಾಗುವ ಕೃತಿ ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’. 1883ರಲ್ಲಿ ಜನಿಸಿ 1963ರಲ್ಲಿ ತೀರಿಕೊಂಡ ಪೈಗಳಿಗೆ 1949ರಲ್ಲಿ ಅಂದಿನ ಮದ್ರಾಸ್ ಸರಕಾರ ರಾಷ್ಟ್ರಕವಿ ಪದವಿಯನ್ನು ನೀಡಿತು. ಕ್ರೈಸ್ತರಲ್ಲದ ಈ ಕವಿ 1930ರ ದಶಕದಲ್ಲಿ ಯೇಸುವಿನ ಕೊನೆಯ ದಿನವನ್ನೇ ವಸ್ತುವಾಗಿಸಿ ಖಂಡಕಾವ್ಯವೊಂದನ್ನು ರಚಿಸಿದರು. ಶುಭಸಂದೇಶವನ್ನು ಎಂದೂ ಕೈಗೆತ್ತಿಕೊಳ್ಳದ ಅನೇಕ ಕನ್ನಡಿಗರು ಕಪಾಲಸ್ಥಳದ ನೋವನ್ನು ಅರಿತದ್ದು ಈ ಕಾವ್ಯದ ಮೂಲಕ. ಅದಕ್ಕಾಗಿ ಕನ್ನಡ ಕ್ರೈಸ್ತರು ಅವರಿಗೆ ಋಣಿಗಳು.

ಇದೇ ಕವಿ ಮುಂದೆ ‘ವೈಶಾಖಿ’ಯಲ್ಲಿ ಭಗವಾನ್ ಬುದ್ಧನ ಕೊನೆಯ ದಿನವನ್ನು ಚಿತ್ರಿಸಿದರು. ಎರಡು ಕಾವ್ಯಗಳನ್ನು ಜೊತೆಗಿಟ್ಟು ನೋಡಿದಾಗ ವಿಚಾರಯೋಗ್ಯವಾದ ಪ್ರಶ್ನೆಯೊಂದು ಏಳುತ್ತದೆ. ಬುದ್ಧನ ಬಾಳಿಗೆ ಕೊನೆಯ ದಿನವೇ ಪೂರ್ಣತೆ. ಎಂಬತ್ತರ ವಯಸ್ಸಿನಲ್ಲಿ, ಹೇಳಬೇಕಾದುದನ್ನೆಲ್ಲ ಹೇಳಿ ಮುಗಿಸಿ, ಶಿಷ್ಯರ ನಡುವೆ ಕುಶಿನಗರದಲ್ಲಿ ಆತ ಪರಿನಿರ್ವಾಣ ಹೊಂದುತ್ತಾನೆ. ಆತನ ಕಥೆಗೆ ಅದು ತಕ್ಕ ಮುಕ್ತಾಯ. ಯೇಸುವಿನ ಕಥೆಯನ್ನೂ ಅದೇ ಚೌಕಟ್ಟಿನಲ್ಲಿ ಕೂಡಿಸಬಹುದೇ? ಶುಕ್ರವಾರವೇ ಕೊನೆಯ ದಿನವೆಂದಾದರೆ ಉಳಿಯುವುದು ಓಡಿಹೋದ ಶಿಷ್ಯರು, ಗೆದ್ದ ಅಧಿಕಾರಿಗಳು, ಕಲ್ಲು ಮುಚ್ಚಿದ ಸಮಾಧಿ ಇಷ್ಟೇ. ಕ್ರಿಸ್ತರು ಪುನರುತ್ಥಾನ ಹೊಂದದಿದ್ದರೆ ನಮ್ಮ ವಿಶ್ವಾಸವೇ ವ್ಯರ್ಥವೆಂದು ಸಂತ ಪೌಲರು ಕೊರಿಂಥದವರಿಗೆ ಬರೆದದ್ದು ಇದಕ್ಕಾಗಿಯೇ.

ಇದು ಕವಿಯ ಮೇಲಿನ ದೂರಲ್ಲ. ಕವಿ ಒಂದು ದಿನವನ್ನು ಆರಿಸಿಕೊಂಡರು, ಆ ದಿನಕ್ಕೆ ನಿಷ್ಠರಾಗಿ ಬರೆದರು. ದೂರು ಇರಬೇಕಾದುದು ನಮ್ಮ ಮೇಲೆ. ಪುನರುತ್ಥಾನವನ್ನು ವಿಶ್ವಾಸ ಪ್ರಮಾಣದಲ್ಲಿ ಒಪ್ಪಿಕೊಂಡ ನಾವೂ ಭಕ್ತಿಯಲ್ಲಿ ಶುಕ್ರವಾರದಲ್ಲೇ ನಿಂತುಬಿಡುತ್ತೇವೆ. ಶಿಲುಬೆಯ ಹಾದಿಯ ಹದಿನಾಲ್ಕು ಸ್ಥಳಗಳು ಸಮಾಧಿಯ ಬಳಿ ಮುಗಿಯುತ್ತವೆ. ನಮ್ಮ ತಪಸ್ಸೂ ಅಲ್ಲಿಗೇ ಮುಗಿಯುತ್ತದೆ. ನಲವತ್ತು ದಿನಗಳ ತಪಸ್ಸುಕಾಲಕ್ಕೆ ಎಷ್ಟೊಂದು ನೇಮಗಳು! ಅದರ ನಂತರದ ಐವತ್ತು ದಿನಗಳ ಪಾಸ್ಕಕಾಲಕ್ಕೆ ನಮ್ಮ ಮನೆಗಳಲ್ಲಿ ಯಾವ ನೇಮವಿದೆ?

ಧರ್ಮಸಭೆಯ ಇತಿಹಾಸವೂ ಇದಕ್ಕೆ ಹೊರತಲ್ಲ. ಕತ್ತಲಲ್ಲಿ ಬೆಳಕು ಹೊತ್ತಿಸಿ ಆಚರಿಸಬೇಕಾದ ಪಾಸ್ಕ ಜಾಗರಣೆ ಶತಮಾನಗಳ ಕಾಲ ಶನಿವಾರದ ಬೆಳಿಗ್ಗೆಯೇ, ಕೆಲವೇ ಜನರ ಮುಂದೆ ನಡೆದುಹೋಗುತ್ತಿತ್ತು. 1951ರಲ್ಲಿ ಜಗದ್ಗುರು ಹನ್ನೆರಡನೆಯ ಪಿಯುಸರು ಅದನ್ನು ಮತ್ತೆ ರಾತ್ರಿಗೆ ತಂದರು. 1955ರಲ್ಲಿ ಪವಿತ್ರ ವಾರದ ವಿಧಿಗಳೆಲ್ಲ ಪರಿಷ್ಕೃತವಾದವು. ವ್ಯಾಟಿಕನ್ ಮಹಾಸಭೆ 1963ರಲ್ಲಿ ಹೊರಡಿಸಿದ ಆರಾಧನಾವಿಧಿಯ ಸಂವಿಧಾನ ಪಾಸ್ಕ ರಹಸ್ಯವನ್ನು ಎಲ್ಲ ಆರಾಧನೆಯ ಕೇಂದ್ರದಲ್ಲಿರಿಸಿತು. ವಿಧಿ ಬದಲಾಯಿತು, ಮನಸ್ಸು ಬದಲಾಗಲು ಇನ್ನೂ ಕಾಲ ಬೇಕು.

ಶುಕ್ರವಾರ ನಮ್ಮನ್ನು ಇಷ್ಟೊಂದು ಸೆಳೆಯುವುದಕ್ಕೆ ಕಾರಣವಿದೆ. ಗಜೇಂದ್ರಗಡದ ಸೀಮೆಯ ಪುರ್ತಗೇರಿಯಂಥ ಊರುಗಳಲ್ಲಿ, ರೋಣ ನರಗುಂದಗಳ ಬಯಲಿನಲ್ಲಿ, ಮಳೆ ಕೈಕೊಟ್ಟ ವರ್ಷ ಜನ ದುಡಿಮೆ ಹುಡುಕಿ ಗುಳೆ ಹೋಗುತ್ತಾರೆ. ಸಾಲ, ಸಾವು, ಅಗಲಿಕೆಗಳನ್ನು ಕಂಡವರಿಗೆ ನೊಂದ ದೇವರು ಮನೆಯವನಂತೆ ಹತ್ತಿರವಾಗುತ್ತಾನೆ. ಇದು ಸುಳ್ಳು ಭಕ್ತಿಯಲ್ಲ. ಆದರೆ ನೋವು ಬಲ್ಲ ದೇವರು ನೋವಿನಲ್ಲೇ ಉಳಿದರೆ ಆತ ನಮ್ಮೊಡನೆ ಅಳಬಲ್ಲ, ನಮ್ಮನ್ನು ಎಬ್ಬಿಸಲಾರ.

ಈ ನಾಡಿನ ವೀರಗಲ್ಲುಗಳನ್ನು ನೋಡಿ. ಹಳೆಯ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಹಂತಗಳು: ಕೆಳಗೆ ವೀರನ ಹೋರಾಟ, ನಡುವೆ ಅಪ್ಸರೆಯರು ಅವನನ್ನು ಕರೆದೊಯ್ಯುವ ದೃಶ್ಯ, ಮೇಲೆ ದೇವಸನ್ನಿಧಿ. ಸಾವೇ ಕಡೆಯ ಮಾತಲ್ಲವೆಂದು ಆ ಶಿಲ್ಪಿಗಳೂ ನಂಬಿದ್ದರು. 1980ರ ಜುಲೈ 21ರ ರೈತ ಬಂಡಾಯದಲ್ಲಿ ಪ್ರಾಣ ತೆತ್ತವರ ನೆನಪಿಗೂ ನರಗುಂದ ಸೀಮೆ ವೀರಗಲ್ಲನ್ನೇ ನಿಲ್ಲಿಸಿ ಪ್ರತಿವರ್ಷ ಮಾಲೆ ಹಾಕುತ್ತದೆ. ಹುತಾತ್ಮರ ಸ್ಮರಣೆ ಸಮಾಜದ ಧರ್ಮ.

ಆದರೆ ಪಾಸ್ಕ ಹಬ್ಬ ಸ್ಮರಣೆಯಷ್ಟೇ ಅಲ್ಲ; ವೀರಗಲ್ಲಿನ ಮೇಲಿನ ಹಂತವೂ ಅದಕ್ಕೆ ಸಾಲದು. ವೀರ ಸ್ವರ್ಗಕ್ಕೇರಿ ಹೋಗುತ್ತಾನೆ, ಮನೆಯವರ ಬಳಿಗೆ ಮರಳುವುದಿಲ್ಲ. ಪುನರುತ್ಥಾನರಾದ ಪ್ರಭು ತಮ್ಮನ್ನು ತೊರೆದು ಓಡಿಹೋದವರ ಬಳಿಗೇ ಬರುತ್ತಾರೆ. ಅಳುತ್ತಿದ್ದ ಮಗ್ದಲದ ಮರಿಯಳನ್ನು ಹೆಸರು ಹಿಡಿದು ಕರೆಯುತ್ತಾರೆ. ಬಾಗಿಲು ಮುಚ್ಚಿ ಅಡಗಿದ್ದವರಿಗೆ ಶಾಂತಿಯನ್ನು ಹೇಳಿ ಕೈಗಳನ್ನೂ ಪಕ್ಕೆಯನ್ನೂ ತೋರಿಸುತ್ತಾರೆ. ಸುಟ್ಟ ಮೀನನ್ನು ಅವರೆದುರೇ ತಿನ್ನುತ್ತಾರೆ. ಗಾಯಗಳು ಅಳಿಸಿಹೋಗಿಲ್ಲ, ಆದರೆ ಅವು ಇನ್ನು ಸೋಲಿನ ಗುರುತುಗಳಲ್ಲ. ಶುಕ್ರವಾರವನ್ನು ಮರೆಸುವ ಭಾನುವಾರ ಇದಲ್ಲ, ಅದನ್ನು ಹೊತ್ತುಕೊಂಡೇ ಎದ್ದುಬಂದ ಭಾನುವಾರ.

ಆದುದರಿಂದ ಇಂದಿನ ಕ್ರೈಸ್ತನಿಗೆ ಪುನರುತ್ಥಾನದ ಅರ್ಥ ಸತ್ತ ಮೇಲಿನ ಭರವಸೆಯೊಂದೇ ಅಲ್ಲ. ಗಂಡನನ್ನು ಕಳೆದುಕೊಂಡ ತಾಯಿಯನ್ನು ಹಬ್ಬದ ಪಂಕ್ತಿಯಿಂದ ದೂರವಿಡುವ ಮನೆ ಇನ್ನೂ ಸಮಾಧಿಯ ಕಲ್ಲನ್ನು ಸರಿಸಿಲ್ಲ. ವರ್ಷಗಟ್ಟಲೆ ಮಾತು ಬಿಟ್ಟ ಅಣ್ಣತಮ್ಮಂದಿರ ನಡುವಿನ ಗೋಡೆಯೂ ಮುಚ್ಚಿದ ಬಾಗಿಲೇ. ಪ್ರಭು ಮೊದಲು ಶಾಂತಿಯನ್ನು ಕೊಟ್ಟದ್ದು ತಪ್ಪಿತಸ್ಥರಿಗೆ ಎಂಬುದನ್ನು ನೆನೆದರೆ, ಪಾಸ್ಕದ ಐವತ್ತು ದಿನಗಳಿಗೆ ತಕ್ಕ ನೇಮ ಯಾವುದೆಂದು ಬೇರೆ ಹೇಳಬೇಕಿಲ್ಲ. ದುಃಖದಲ್ಲಿರುವ ಒಂದು ಮನೆಗೆ ಹೋಗಿಬರುವುದು, ಮುರಿದ ಒಂದು ಸಂಬಂಧವನ್ನು ಕೂಡಿಸುವುದು ನಲವತ್ತು ದಿನಗಳ ಉಪವಾಸಕ್ಕಿಂತ ಕಡಿಮೆಯ ಸಾಧನೆಯಲ್ಲ.

ಹಬ್ಬ ಬರುವ ಹೊತ್ತಿಗೆ ಈ ಸೀಮೆಯ ಹೊಲಗಳು ಬರಿದಾಗಿರುತ್ತವೆ. ಕಾಳಿಗೆ ಎಷ್ಟೇ ತತ್ವಾರವಿದ್ದರೂ ಒಕ್ಕಲಿಗ ಬಿತ್ತನೆಯ ಬೀಜವನ್ನು ಮುಟ್ಟದೆ ಎತ್ತಿಡುತ್ತಾನೆ. ಮಣ್ಣಿಗೆ ಬಿದ್ದ ಗೋಧಿಕಾಳಿನ ಮಾತನ್ನು ಪ್ರಭು ಆಡಿದ್ದು ಇಂಥವರಿಗೆ ತಿಳಿಯಲೆಂದೇ. ‘ಗೊಲ್ಗೊಥಾ’ವನ್ನು ತಪಸ್ಸುಕಾಲದಲ್ಲಿ ಅವಶ್ಯವಾಗಿ ಓದೋಣ. ಓದಿ ಮುಗಿಸಿದ ಮೇಲೆ ಲೂಕನ ಶುಭಸಂದೇಶದ 24ನೆಯ ಅಧ್ಯಾಯವನ್ನು ಮನೆಯವರೆಲ್ಲ ಕೂಡಿ, ಗಟ್ಟಿಯಾಗಿ ಓದೋಣ.