ಗುಜರಿಯ ಶಿಲ್ಪ, ಕಸದ ಶಿಲ್ಪ

ಕೈಗಾರಿಕೆಗಳು ಬಿಸುಟ ವಸ್ತುಗಳಿಂದ ಶಿಲ್ಪಗಳನ್ನು ರಚಿಸಿ, ಆ ಮೂಲಕ ಜನರಲ್ಲಿ ಪರಿಸರದ ಎಚ್ಚರ ಮೂಡಿಸುವ ಪ್ರಯತ್ನ ದೇಶದ ಹಲವೆಡೆ ನಡೆದಿದೆ. ಉದ್ದೇಶ ಶ್ಲಾಘನೀಯವೆಂಬುದರಲ್ಲಿ ಸಂಶಯವಿಲ್ಲ. ಆದರೆ ಇಂತಹ ಕೃತಿಗೆ ಬೆಲೆ ಕಟ್ಟುವಾಗ ಅದರ ರೂಪವನ್ನಷ್ಟೇ ನೋಡಿದರೆ ಸಾಲದು. ಅದಕ್ಕೆ ಬಳಸಿದ ದ್ರವ್ಯ ಯಾವುದು, ಆ ದ್ರವ್ಯಕ್ಕೆ ಬೇರೆ ಗತಿ ಇತ್ತೇ, ನೋಡಿದವನ ನಡತೆಗೆ ಅದು ಹೇಳುವುದೇನು ಎಂಬ ಪ್ರಶ್ನೆಗಳನ್ನೂ ಕೇಳಬೇಕಾಗುತ್ತದೆ.

ದೆಹಲಿಯ ಸರಾಯ್ ಕಾಲೇ ಖಾನ್ ಬಳಿ 2019ರ ಫೆಬ್ರವರಿಯಲ್ಲಿ ‘ವೇಸ್ಟ್ ಟು ವಂಡರ್’ ಎಂಬ ಉದ್ಯಾನವನ್ನು ತೆರೆಯಲಾಯಿತು. ಹಳೆಯ ವಾಹನಗಳ ಬಿಡಿಭಾಗ, ಕೊಳವೆ ಮೊದಲಾದ ಸುಮಾರು 150 ಟನ್ ಲೋಹದ ಗುಜರಿಯಿಂದ ತಾಜಮಹಲು, ಐಫೆಲ್ ಗೋಪುರ, ಪಿರಮಿಡ್ಡು ಸೇರಿದಂತೆ ಜಗತ್ತಿನ ಏಳು ಪ್ರಸಿದ್ಧ ನಿರ್ಮಿತಿಗಳ ಪ್ರತಿಕೃತಿಗಳನ್ನು ಅಲ್ಲಿ ನಿಲ್ಲಿಸಲಾಗಿದೆ. ಬೆಸುಗೆಯ ಕೌಶಲ ಮೆಚ್ಚತಕ್ಕದ್ದೇ. ಆದರೆ ಗುಜರಿ ವ್ಯಾಪಾರ ಬಲ್ಲವರಿಗೆ ಒಂದು ಸಂಗತಿ ಕೂಡಲೇ ಹೊಳೆಯುತ್ತದೆ. ಹಳೆಯ ಕಬ್ಬಿಣ ಕಸವಲ್ಲ, ಸರಕು. ಅದು ತೂಕದ ಲೆಕ್ಕದಲ್ಲಿ ಮಾರಾಟವಾಗಿ, ಕುಲುಮೆ ಸೇರಿ, ಮತ್ತೆ ಕಬ್ಬಿಣವಾಗುತ್ತದೆ. ಅದನ್ನು ಶಿಲ್ಪವಾಗಿಸಿದಾಗ ಊರ ಹೊರಗಿನ ತಿಪ್ಪೆ ಕರಗುವುದಿಲ್ಲ. ನೋಡಲು ಬಂದವನಿಗೆ ಕಾಣುವುದು ಐಫೆಲ್ ಗೋಪುರವೇ ಹೊರತು ತಾನು ಎಸೆದ ವಸ್ತುವಲ್ಲ. ಎಸೆದದ್ದೆಲ್ಲವೂ ಒಂದು ದಿನ ಸುಂದರವಾಗುತ್ತದೆ ಎಂಬ ಸಮಾಧಾನ ಹೊತ್ತು ಅವನು ಮನೆಗೆ ಮರಳಿದರೆ, ಎಚ್ಚರ ಮೂಡಿಸಬೇಕಾದ ಕೃತಿ ಮೈಮರೆವನ್ನೇ ಬೆಳೆಸಿದಂತಾಯಿತು.

ಚಂಡೀಗಢದ ರಾಕ್ ಗಾರ್ಡನ್ ಬೇರೆಯೇ ಜಾತಿಯದು. ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದ ನೇಕ್ ಚಂದ್ (1924–2015) ದೇಶವಿಭಜನೆಯಲ್ಲಿ ಹುಟ್ಟೂರನ್ನು ಕಳೆದುಕೊಂಡು ಬಂದವರು. ಹೊಸ ನಗರಕ್ಕಾಗಿ ಕೆಡವಿದ ಹಳ್ಳಿಗಳ ಅವಶೇಷಗಳನ್ನು ಅವರು 1950ರ ದಶಕದ ಕೊನೆಯಿಂದ ಸೈಕಲ್ ಮೇಲೆ ಹೇರಿಕೊಂಡು ಹೋಗಿ, ಕಾಡಿನ ಕೊರಕಲಿನಲ್ಲಿ ಗುಟ್ಟಾಗಿ ಕೂಡಿಹಾಕಿದರು. ಒಡೆದ ಬಳೆ, ಪಿಂಗಾಣಿಯ ಚೂರು, ಎರಕದ ಕುಲುಮೆಯ ಕಿಟ್ಟ ಇವೇ ಅವರ ದ್ರವ್ಯ. ಇವನ್ನು ಕೊಳ್ಳುವವರು ಯಾರೂ ಇರಲಿಲ್ಲ. 1976ರಲ್ಲಿ ಸಾರ್ವಜನಿಕರಿಗೆ ತೆರೆದ ಆ ಉದ್ಯಾನ ಸುಮಾರು 40 ಎಕರೆಗೆ ಹಬ್ಬಿತು. ಪರಿಸರದ ಘೋಷಣೆ ಅವರ ಆರಂಭದ ಪ್ರೇರಣೆಯಾಗಿರಲಿಲ್ಲ. ಆದರೂ ಬಳೆಚೂರು ಬಳೆಚೂರಾಗಿಯೇ ಕಾಣುವ ಆ ಬೊಂಬೆಗಳ ಸಾಲಿನ ಮುಂದೆ ನಿಂತವನಿಗೆ ಅದನ್ನು ತೊಟ್ಟ ಕೈ, ಒಡೆದ ಮನೆ ನೆನಪಾಗದೆ ಇರದು. ದೆಹಲಿಯ ಶಿಲ್ಪ ದ್ರವ್ಯವನ್ನು ಮರೆಮಾಚುತ್ತದೆ. ಚಂಡೀಗಢದ್ದು ಅದನ್ನು ತೋರುತ್ತದೆ.

ಈ ಭೇದ ಕೋಲಾರ ಜಿಲ್ಲೆಗೆ ವಿಶೇಷವಾಗಿ ಅನ್ವಯಿಸುತ್ತದೆ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಕಲ್ಲು ಕಡೆದು ವಿಗ್ರಹ ಮಾಡುವ ಶಿಲ್ಪಿಗಳ ಪರಂಪರೆಯಿದೆ. ಅದೇ ಜಿಲ್ಲೆಯ ಕೆ.ಜಿ.ಎಫ್.ನಲ್ಲಿ ಯಾವ ಶಿಲ್ಪಿಯೂ ಕಡೆಯದ ಬೆಟ್ಟಗಳು ನಿಂತಿವೆ. ಅದಿರನ್ನು ಅರೆದು ಸೈನೈಡ್ ದ್ರಾವಣದಿಂದ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ 13 ದಿಬ್ಬಗಳವು. ಒಟ್ಟು ತೂಕ 3 ಕೋಟಿ ಟನ್ನಿಗೂ ಹೆಚ್ಚು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚುವ ತನಕ ಸುಮಾರು 120 ವರ್ಷಗಳಲ್ಲಿ ಅಲ್ಲಿ ದೊರೆತ ಚಿನ್ನ ಸುಮಾರು 800 ಟನ್. ಭಾಗಿಸಿ ನೋಡಿದರೆ 8 ಗ್ರಾಮಿನ ಒಂದು ಸವರನ್ನಿಗೆ 3 ಕ್ವಿಂಟಲ್ ಪುಡಿ. ಚಿನ್ನ ದೇಶದೇಶಗಳ ತಿಜೋರಿ ಸೇರಿತು. ಪುಡಿ ಊರಿನಲ್ಲೇ ಉಳಿದು, ಗಾಳಿ ಬೀಸಿದಾಗ ಮನೆಮನೆಗೆ ಬರುತ್ತದೆ. ಅದರಲ್ಲಿ ಉಳಿದ ಚಿನ್ನವನ್ನು ಮತ್ತೆ ಸೋಸುವ ಯೋಜನೆಗೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ಸೋಸಿದರೂ ಪುಡಿಯ ರಾಶಿ ಇಲ್ಲವಾಗುವುದಿಲ್ಲ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿವರಿಸಿದ ಐದು ಅನರ್ಥದಂಡಗಳಲ್ಲಿ ಪ್ರಮಾದಚರ್ಯೆಯೂ ಒಂದು. ಪ್ರಯೋಜನವಿಲ್ಲದೆ ನೆಲ, ಜಲ, ಅಗ್ನಿ, ವಾಯುಗಳಿಗೆ ಉಪದ್ರವ ಕೊಡುವುದು ಅದರ ಲಕ್ಷಣ. ದೋಷ ಅಡಗಿರುವುದು ‘ಪ್ರಯೋಜನವಿಲ್ಲದೆ’ ಎಂಬ ಮಾತಿನಲ್ಲಿ. ಎಸೆದ ಮೇಲೆ ಅಲಂಕರಿಸುವುದಕ್ಕಿಂತ, ಕೊಳ್ಳುವ ಮೊದಲೇ ಬೇಕೇ ಬೇಡವೇ ಎಂದು ಕೇಳಿಕೊಳ್ಳುವುದು ಆ ವ್ರತದ ಸಾರ. ಆಭರಣ ಮಾರುವವನಿಗೂ ತೊಡುವವರಿಗೂ ಈ ಪ್ರಶ್ನೆ ಸಮಾನವಾದುದು.

ಹಾಗೆಂದು ತ್ಯಾಜ್ಯದ ಶಿಲ್ಪವೇ ಬೇಡವೆನ್ನುವುದು ಸರಿಯಲ್ಲ. ನರಸಾಪುರದಲ್ಲಿ ದ್ವಿಚಕ್ರ ವಾಹನ, ಮೊಬೈಲ್ ಫೋನ್ ತಯಾರಾಗುವ ಈ ದಿನಗಳಲ್ಲಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಉದ್ಯಾನಗಳಿಗೂ ಇಂತಹ ಕೃತಿಗಳು ಬರಬಹುದು. ಬರುವುದಾದರೆ ಕೊಳ್ಳುವವರಿಲ್ಲದ ವಸ್ತುವಿನಿಂದಲೇ ಬರಲಿ. ಮುಳಬಾಗಿಲು ತಾಲ್ಲೂಕಿನ ಆವನಿಯಂತಹ ಪುರಾತನ ಕ್ಷೇತ್ರಗಳಲ್ಲಿ ದತ್ತಿಯನ್ನು ಕಲ್ಲಿನ ಮೇಲೆ ಬರೆದಿಡುವ ಪದ್ಧತಿ ಇತ್ತು. ಹಾಗೆಯೇ ಶಿಲ್ಪದ ಪೀಠದ ಮೇಲೆ ಬಳಸಿದ ತ್ಯಾಜ್ಯದ ತೂಕ, ಅದು ಬಂದ ಸ್ಥಳ, ಅಲ್ಲಿ ಇನ್ನೂ ಉಳಿದಿರುವ ರಾಶಿಯ ತೂಕ ಇವನ್ನು ಕೆತ್ತಿಸಲಿ. ಜಮೆಯ ಪಕ್ಕದಲ್ಲೇ ಖರ್ಚನ್ನೂ ಬರೆದ ಶಿಲ್ಪ ಮಾತ್ರ ನೋಡುಗನನ್ನು ಎಚ್ಚರಿಸಬಲ್ಲದು.