ಥರ್ಮಾಕೋಲ್ ಸೂರ್ಯ, ಅಮ್ಮನ ಅಕ್ಷರ

ಶಾಲೆಯ ವಸ್ತುಪ್ರದರ್ಶನದಲ್ಲಿ ಬಹುಮಾನ ಗೆಲ್ಲುವವರು ಹೆಚ್ಚಾಗಿ ಅಪ್ಪ ಅಮ್ಮಂದಿರು. ಆರನೇ, ಏಳನೇ ತರಗತಿಯ ಪ್ರಾಜೆಕ್ಟುಗಳಲ್ಲಿ ಅಕ್ಷರ ದುಂಡಗೆ, ಥರ್ಮಾಕೋಲಿನ ಅಂಚು ನೇರ. ಪಕ್ಕದಲ್ಲಿ ನಿಂತ ಮಗುವನ್ನು ಒಂದು ಪ್ರಶ್ನೆ ಹೆಚ್ಚಿಗೆ ಕೇಳಿದರೆ ಅದರ ಕಣ್ಣು ಅಮ್ಮನನ್ನು ಹುಡುಕುತ್ತದೆ. ಸ್ಟೇಷನರಿ ಅಂಗಡಿಯಲ್ಲಿ ಸೌರಮಂಡಲ ರೆಡಿಮೇಡ್ ಸಿಗುತ್ತದೆ; ಅದನ್ನು ಕೊಂಡು ತರುವವರು ಒಂದು ಲೆಕ್ಕದಲ್ಲಿ ಪ್ರಾಮಾಣಿಕರು.

ಈ ಪ್ರಾಜೆಕ್ಟ್ ಪದ್ಧತಿ ಹುಟ್ಟಿದ್ದು ಒಳ್ಳೆಯ ಆಸೆಯಿಂದಲೇ. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳಿತು. ವರ್ಷಕ್ಕೆ ನಾಲ್ಕು ರೂಪಣಾತ್ಮಕ (ಎಫ್‌ಎ), ಎರಡು ಸಂಕಲನಾತ್ಮಕ (ಎಸ್‌ಎ) ಮೌಲ್ಯಮಾಪನಗಳು ನಮ್ಮ ಶಾಲೆಗಳಿಗೆ ಬಂದವು. ಉರು ಹೊಡೆಯುವುದನ್ನು ಬಿಟ್ಟು ಮಗು ನೋಡಿ, ಅಳೆದು, ಕೇಳಿ ಕಲಿಯಲಿ ಎಂಬುದು ಉದ್ದೇಶ. ಹನ್ನೆರಡು ಹದಿಮೂರರ ಮಗುವಿಗೆ ಅದು ಹೇಳಿ ಮಾಡಿಸಿದ್ದು. ಆ ವಯಸ್ಸಿನಲ್ಲಿ 'ನಾನೇ ಮಾಡ್ತೀನಿ ಬಿಡು' ಎಂಬ ಮಾತು ದಿನಕ್ಕೊಮ್ಮೆಯಾದರೂ ಬರುತ್ತದೆ. ಅಂಕ ಮಾತ್ರ ಬಿದ್ದದ್ದು ಅಂದಕ್ಕೆ. ಹಾಗಾಗಿ ಬಿಡಬೇಕಾದ ಹೊತ್ತಿನಲ್ಲೇ ದೊಡ್ಡವರು ಕತ್ತರಿ ಕಸಿದುಕೊಂಡರು.

ಆ ಸೌರಮಂಡಲವನ್ನೇ ನೋಡಿ. ಅದರಲ್ಲಿ ಸೂರ್ಯನಿಗೂ ಭೂಮಿಗೂ ಒಂದು ಗೇಣು ದೂರ. ಭೂಮಿಯನ್ನು 1 ಮಿ.ಮೀ. ಅಗಲದ ರಾಗಿಕಾಳು ಅಂದುಕೊಂಡರೆ ಸೂರ್ಯ ಸುಮಾರು 11 ಸೆಂ.ಮೀ., ಅಂದರೆ ಸುಲಿದ ತೆಂಗಿನಕಾಯಿಯಷ್ಟು. ಎರಡರ ನಡುವೆ ಹೆಚ್ಚುಕಡಿಮೆ 12 ಮೀಟರ್. ನೆಪ್ಚೂನ್ ಇಡಲು 350 ಮೀಟರ್ ನಡೆಯಬೇಕು. ಕಾಯಿಯನ್ನು ಗೇಟಿನ ಹತ್ತಿರ ಇಟ್ಟು ಟೇಪು ಹಿಡಿದು ಬೀದಿಗುಂಟ ಹೊರಟ ಮಗುವಿಗೆ ಬಾಹ್ಯಾಕಾಶ ಎಷ್ಟು ಖಾಲಿ ಎನ್ನುವುದು ಕಾಲಿನಲ್ಲೇ ತಿಳಿಯುತ್ತದೆ. ಖರ್ಚು ಇಲ್ಲ. ಆದರೆ ಮೇಜಿನ ಮೇಲೆ ಇಡಲು ಏನೂ ಉಳಿಯುವುದಿಲ್ಲ, ತೊಂದರೆ ಅಷ್ಟೇ.

ಮಳೆನೀರು ಸಂಗ್ರಹದ ಮಾದರಿಯ ಕಥೆಯೂ ಇದೇ. ಬೆಂಗಳೂರಿನಲ್ಲಿ ದೊಡ್ಡ ನಿವೇಶನಗಳಿಗೆ ಮಳೆನೀರು ಸಂಗ್ರಹ 2009ರಿಂದ ಕಡ್ಡಾಯ. ಮಾಡಿನ ಪೈಪು ಸಂಪಿಗೆ ಹೋಗುತ್ತದೋ ಚರಂಡಿಗೋ ಎಂದು ಮಗುವಿನ ಜೊತೆ ಹತ್ತಿ ನೋಡಿದವರು ಎಷ್ಟು ಮಂದಿ? ಇನ್ನು ಸಿಬಿಎಸ್‌ಇ ಶಾಲೆಗಳಲ್ಲಿ ಜೋಡಿಯಾಗಿ ಕೊಟ್ಟ ಇನ್ನೊಂದು ರಾಜ್ಯದ ಬಗ್ಗೆಯೂ ಪ್ರಾಜೆಕ್ಟ್ ಇರುತ್ತದೆ; ಕರ್ನಾಟಕದ ಜೋಡಿ ಉತ್ತರಾಖಂಡ. ಮಕ್ಕಳ ಫೈಲಿಗೆ ಕೇದಾರನಾಥದ ಬಣ್ಣದ ಪ್ರಿಂಟ್‌ಔಟ್ ಅಂಟಿರುತ್ತದೆ, ಅಲ್ಲಿನ ಮುಖ್ಯ ಅರ್ಚಕರಾದ ರಾವಲರು ಕರ್ನಾಟಕದ ವೀರಶೈವ ಜಂಗಮ ಪರಂಪರೆಯವರು ಎಂಬ ಸಂಗತಿ ಇರುವುದಿಲ್ಲ. ಅಜ್ಜಿಯನ್ನೋ ಊರಿನ ಮಠದವರನ್ನೋ ಕೇಳಿದ್ದರೆ ಸಿಗುತ್ತಿತ್ತೇನೋ.

ಸಹಾಯವೇ ಬೇಡ ಎನ್ನುವವರ ವಾದ ನನಗೆ ಒಪ್ಪಿಗೆಯಿಲ್ಲ. ಟೇಪಿನ ಇನ್ನೊಂದು ತುದಿ ಹಿಡಿಯಲು, ಏಣಿ ಅಲುಗದಂತೆ ನಿಲ್ಲಲು, 'ಯಾಕೆ ಹೀಗೆ?' ಎಂದು ನಿಜವಾದ ಕುತೂಹಲದಿಂದ ಕೇಳಲು ದೊಡ್ಡವರು ಬೇಕು. ನನಗೆ ಹೆಚ್ಚು ಕೋಪ ಬರುವುದು ಶಾಲೆಗಳ ಮೇಲೆ. ಗಾರ್ಮೆಂಟ್ಸ್ ಪಾಳಿ ಮುಗಿಸಿ ಬರುವ ಅಮ್ಮನಿಗೆ ಥರ್ಮಾಕೋಲ್ ಕೊರೆಯುವ ಪುರಸೊತ್ತಿಲ್ಲ; ಆ ಮಗು ತಾನೇ ಸೊಟ್ಟಗೆ ಅಂಟಿಸಿ ತಂದದ್ದಕ್ಕೆ ಬಿ ಗ್ರೇಡ್. ಪಕ್ಕದ ಮಗುವಿನ ಎಂಜಿನಿಯರ್ ಅಪ್ಪನಿಗೆ ಎ ಪ್ಲಸ್. ಪ್ರಾಜೆಕ್ಟನ್ನು ತರಗತಿಯಲ್ಲೇ ಮಾಡಿಸಿ, ಮಗುವಿನ ಹತ್ತಿರ ಐದು ನಿಮಿಷ ಬಾಯಿಮಾತಿನಲ್ಲಿ ವಿವರಣೆ ಕೇಳಿ ಅಂಕ ಕೊಟ್ಟರೆ, ಭಾನುವಾರ ರಾತ್ರಿ ಫೆವಿಕಾಲ್ ಹುಡುಕುವುದು ಅರ್ಧಕ್ಕರ್ಧ ನಿಂತುಹೋಗುತ್ತದೆ.